ಮೊಗ್ಗು ಬಿಟ್ಟ ಗಾರ್ಡೇನಿಯಾವನ್ನು ಅದರ ಪಾಡಿಗೆ ಬಿಡಿ

ಇವತ್ತು ಮೊಗ್ಗು, ನಾಳೆ ಹೂ ಅನ್ನುವ ಗಿಡ ಗಾರ್ಡೇನಿಯಾ ಅಲ್ಲ. ಕಡಲೆಕಾಳಿನಷ್ಟು ಗಾತ್ರದ ಹಸಿರು ಮೊಗ್ಗು ವಾರಗಟ್ಟಲೆ ಹಾಗೇ ನಿಂತಿರುತ್ತದೆ. ಆಮೇಲೆ ಮೆಲ್ಲಗೆ ಉದ್ದವಾಗುತ್ತದೆ, ತಿರುಚಿಕೊಳ್ಳುತ್ತದೆ, ಹಸಿರಿನ ಸಂದಿಯಿಂದ ಬಿಳಿ ಇಣುಕುತ್ತದೆ. ಇನ್ನೇನು ಅರಳಿತು ಅಂದುಕೊಳ್ಳುವಾಗಲೇ ಎಷ್ಟೋ ಮೊಗ್ಗುಗಳು ಹಳದಿಯಾಗಿ ಉದುರಿಬಿಡುತ್ತವೆ. ಬೆಳಗ್ಗೆ ಕುಂಡದ ಸುತ್ತ ಬಿದ್ದ ಮೊಗ್ಗುಗಳನ್ನು ಕಂಡಾಗ ಆಗುವ ಸಂಕಟ ಈ ಗಿಡ ಸಾಕಿದವರಿಗೆ ಗೊತ್ತು.

ಇಷ್ಟು ವರ್ಷ ಇದರ ಜೊತೆಗಿದ್ದು ನನಗೆ ಒಂದು ವಿಷಯ ಖಚಿತವಾಗಿದೆ. ಮೊಗ್ಗು ಉದುರಲು ಯಾವುದೋ ಒಂದು ಕೊರತೆಗಿಂತ ಬದಲಾವಣೆಯೇ ಹೆಚ್ಚು ಸಲ ಕಾರಣ. ನೀರು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ. ಕುಂಡ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ಹಗಲು ಸುಡುವ ಬಿಸಿ, ರಾತ್ರಿ ಒಮ್ಮೆಲೇ ಚಳಿ. ಇಂಥ ಏರುಪೇರಿನಲ್ಲಿ ಗಿಡ ಮೊದಲು ಕೈಬಿಡುವುದು ಮೊಗ್ಗನ್ನು. ಎಲೆ, ಬೇರು ಉಳಿದರೆ ತಾನು ಉಳಿಯುತ್ತೇನೆ, ಹೂವನ್ನು ಮುಂದಿನ ಸಲ ನೋಡಿಕೊಂಡರಾಯಿತು ಅನ್ನುವುದು ಗಿಡದ ಲೆಕ್ಕ. ಮೊಗ್ಗಿನ ತೊಟ್ಟು ಸೇರುವ ಜಾಗದಲ್ಲಿ ಒಂದು ಸಡಿಲ ಪದರ ಬೆಳೆಯುತ್ತದೆ. ಆಮೇಲೆ ಸಣ್ಣ ಗಾಳಿ ಸಾಕು.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. "ಗಿಡದ ತುಂಬಾ ಮೊಗ್ಗಿತ್ತು ಕಣೇ. ತಂದು ಒಂದು ವಾರ ಆಗಿಲ್ಲ, ಎಲ್ಲಾ ಉದುರ್ತಿದೆ. ಗೊಬ್ಬರ ಹಾಕ್ಲಾ?" ಅಂದಳು. ಬೇಡ ಅಕ್ಕ, ಏನೂ ಹಾಕಬೇಡ, ಬೆಳಕಿರುವ ಒಂದು ಜಾಗ ನೋಡಿ ಇಟ್ಟು ಅಲ್ಲೇ ಬಿಡು ಅಂದೆ. ನರ್ಸರಿಯ ನೆರಳುಮನೆಯಲ್ಲಿ ಗಾಳಿಗೆ ತೇವ ಇರುತ್ತದೆ, ಬೆಳಕು ಒಂದೇ ಸಮ, ನೀರು ಹೊತ್ತಿಗೆ ಸರಿಯಾಗಿ. ಅಲ್ಲಿಂದ ಮನೆಗೆ ಬಂದ ಗಿಡಕ್ಕೆ ಎಲ್ಲವೂ ಒಂದೇ ದಿನ ಬದಲಾಗುತ್ತದೆ. ಹಾಗಾಗಿ ಹೊಸ ಗಿಡದ ಮೊದಲ ಮೊಗ್ಗುಗಳು ಉದುರಿದರೆ ಗಿಡ ಸತ್ತೇ ಹೋಯಿತು ಅಂತ ಗಾಬರಿಯಾಗಬೇಡಿ. ಕೊಳ್ಳುವಾಗ ಅರ್ಧ ಅರಳಿದ ಮೊಗ್ಗುಗಳ ಗಿಡಕ್ಕಿಂತ ಹೊಸ ಚಿಗುರು ಚೆನ್ನಾಗಿರುವ ಗಿಡವನ್ನೇ ನಾನು ಆರಿಸುತ್ತೇನೆ.

ಜಾಗ ಅಂದಾಗ ಬೆಳಗಿನ ಬಿಸಿಲು ಬೀಳುವ ಕಡೆ ಒಳ್ಳೆಯದು. ನಾಲ್ಕೈದು ಗಂಟೆ ಬೆಳಗಿನ ಬಿಸಿಲು, ಮಧ್ಯಾಹ್ನ ತೆಳು ನೆರಳು. ನನ್ನ ಗಿಡ ಪೂರ್ವದ ಬಾಲ್ಕನಿಯಲ್ಲಿ ಗೋಡೆಯಿಂದ ಒಂದು ಮೊಳ ಈಚೆಗಿದೆ. ಗೋಡೆಗೆ ಒತ್ತಿ ಇಟ್ಟರೆ ಹಗಲಿನ ಕಾವನ್ನು ಗೋಡೆ ರಾತ್ರಿಯೂ ಬಿಡುತ್ತಿರುತ್ತದೆ. ಇದು ಚಿಕ್ಕ ಮಾತು ಅನ್ನಿಸಬಹುದು, ಆದರೆ ಈ ಗಿಡಕ್ಕೆ ರಾತ್ರಿಯ ತಂಪು ಬಹಳ ಮುಖ್ಯ. ಮೊಗ್ಗು ಕಟ್ಟುವುದಕ್ಕೆ ಸುಮಾರು 15ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪಿನ ರಾತ್ರಿಗಳು ಇದಕ್ಕೆ ಇಷ್ಟ. ರಾತ್ರಿಗಳು 21 ಡಿಗ್ರಿ ದಾಟಿ ಬಿಸಿಯಾಗಿಯೇ ಉಳಿದರೆ ಗಿಡ ಎಲೆ ಬಿಡುತ್ತಾ ಹೋಗುತ್ತದೆ, ಹೊಸ ಮೊಗ್ಗು ಕಟ್ಟಲು ಹಿಂದೇಟು ಹಾಕುತ್ತದೆ. ಎಲೆ ಸೊಂಪಾಗಿದ್ದೂ ಮೊಗ್ಗೇ ಇಲ್ಲ ಅನ್ನುವವರು ಗೊಬ್ಬರದ ಚೀಲ ತೆಗೆಯುವ ಮೊದಲು ರಾತ್ರಿಯ ಸೆಕೆ ಎಷ್ಟಿದೆ ನೋಡಬೇಕು.

ಇನ್ನು ಮಣ್ಣು ಮತ್ತು ನೀರು. ಇಲ್ಲೇ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕಂದರೆ ನಾನು ನೋಡಿದ ಸೊರಗಿದ ಗಿಡಗಳಲ್ಲಿ ಹೆಚ್ಚಿನವುಗಳ ತೊಂದರೆ ಇಲ್ಲೇ ಇತ್ತು.

ಕಾಫಿ, ಕೇಪಳ, ಗಾರ್ಡೇನಿಯಾ ಮೂರೂ ಒಂದೇ ಕುಟುಂಬದ ಗಿಡಗಳು. ಮೂರಕ್ಕೂ ಹುಳಿ ಮಣ್ಣೇ ಬೇಕು. ಮಣ್ಣಿನ ಹುಳಿಯನ್ನು ಅಳೆಯುವುದು ಪಿಎಚ್ ಲೆಕ್ಕದಲ್ಲಿ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಗಾರ್ಡೇನಿಯಾಕ್ಕೆ ಪಿಎಚ್ 5ರಿಂದ 6ರ ಒಳಗಿದ್ದರೆ ಸುಖ. 7ರತ್ತ ಹೋದಂತೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಆಗ ತುದಿಯ ಹೊಸ ಎಲೆಗಳು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಹಾಗಲ್ಲದೆ ಕೆಳಗಿನ ಹಳೆ ಎಲೆಗಳ ನರಗಳ ನಡುವೆ ಹಳದಿ ಬಂದರೆ ಅದು ಬಹಳ ಸಲ ಮೆಗ್ನೀಸಿಯಂ ಕೊರತೆ. ಎಲ್ಲೋ ಒಂದೆರಡು ಹಳೆ ಎಲೆ ಪೂರ್ತಿ ಹಳದಿಯಾಗಿ ಬಿದ್ದರೆ ಅದು ವಯಸ್ಸಾದ ಎಲೆ, ಅಷ್ಟೇ. ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಎಷ್ಟು ಒಳ್ಳೆಯ ಮಣ್ಣು ಹಾಕಿದರೂ ಗಡಸು ನೀರು ಅದನ್ನು ನಿಧಾನಕ್ಕೆ ಕೆಡಿಸುತ್ತದೆ. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ದಿನಾ ಒಂದಿಷ್ಟು ಸುಣ್ಣ ಹಾಕುತ್ತಾ ಬಂದಂತೆಯೇ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯಾ ನೋಡಿ, ಗೊತ್ತಾಗುತ್ತದೆ. ಮಳೆ ನೀರಿಗಿಂತ ಒಳ್ಳೆಯದು ಇದಕ್ಕಿಲ್ಲ. ನಾನು ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆ ನೀರನ್ನು ಬೇರೆ ಗಿಡಗಳಿಗೆ ಕೊಡುವುದೇ ಇಲ್ಲ, ಎಲ್ಲಾ ಇದಕ್ಕೇ ಮೀಸಲು. ಮಳೆ ನೀರು ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು ನಡೆಯುತ್ತದೆ. ಕುದಿಸಿದಾಗ ಸುಣ್ಣದ ಒಂದು ಭಾಗ ತಳದಲ್ಲಿ ಕೂರುತ್ತದೆ, ಮೇಲಿನ ತಿಳಿ ನೀರು ಹಾಕಿ.

ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಅನ್ನುವ ಮಾತು ಎಲ್ಲೆಲ್ಲೂ ಇದೆ. ಹುಳಿ ಅಂಶ ಹೆಚ್ಚಾಗಿ ಡಿಕಾಕ್ಷನ್‌ನಲ್ಲೇ ಹೋಗಿರುತ್ತದೆ, ಉಳಿದ ಚರಟದಿಂದ ಪಿಎಚ್ ಹೆಚ್ಚೇನೂ ಇಳಿಯುವುದಿಲ್ಲ. ಜಾಸ್ತಿ ಹಾಕಿದರೆ ಮೇಲ್ಮಣ್ಣು ಗಟ್ಟಿಯಾಗಿ ನೀರು ಇಳಿಯುವುದು ನಿಲ್ಲುತ್ತದೆ. ವಿನೆಗರ್ ಹಾಕಿದ ನೀರಿನ ಪರಿಣಾಮವೂ ಕೆಲವು ದಿನ ಮಾತ್ರ. ನಿಜವಾಗಿ ಪಿಎಚ್ ಇಳಿಸುವುದು ಗಂಧಕದ ಪುಡಿ. ಅದನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸಬೇಕು, ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಒಂದು ಚಿಟಿಕೆಯೂ ಹೆಚ್ಚು ಬೇಡ. ಅಲ್ಲಿವರೆಗೆ ಎಲೆ ಹಸಿರಾಗಿಸಲು ಚಿಲೇಟೆಡ್ ಕಬ್ಬಿಣ, ಅಂದರೆ ಬೇರಿಗೆ ಸುಲಭವಾಗಿ ದಕ್ಕುವ ರೂಪದ ಕಬ್ಬಿಣ, ಕೊಡಬಹುದು. ಅದರಲ್ಲೂ ಇಡಿಡಿಎಚ್‌ಎ ಅಂತ ಬರೆದಿರುವುದನ್ನು ಕೇಳಿ ತನ್ನಿ. ಸಾಮಾನ್ಯವಾಗಿ ಸಿಗುವ ಇಡಿಟಿಎ ಬಗೆಯದು ಪಿಎಚ್ 6.5 ದಾಟಿದ ಮಣ್ಣಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ನೀರು ಎಷ್ಟು ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳನ್ನು ಮಣ್ಣಿಗೆ ಇಳಿಸಿ, ಮೇಲಿನ ಒಂದು ಅಂಗುಲ ಒಣಗಿದ್ದರೆ ತಳದಿಂದ ಹರಿಯುವಷ್ಟು ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಮಣ್ಣು ಪೂರ್ತಿ ಒಣಗಿ ಎಲೆ ಜೋತುಬಿದ್ದ ಮೇಲೆ ಬಕೆಟ್ಟುಗಟ್ಟಲೆ ಸುರಿದರೆ ಎಲೆ ಎದ್ದು ನಿಲ್ಲುತ್ತದೆ, ಆದರೆ ಮೊಗ್ಗಿನ ಗತಿ ಎರಡು ಮೂರು ದಿನ ಬಿಟ್ಟು ಗೊತ್ತಾಗುತ್ತದೆ. ಮೇಲ್ಮಣ್ಣಿಗೆ ಒಣ ಎಲೆಯ ಹೊದಿಕೆ ಹಾಕಿದರೆ ಈ ಏರಿಳಿತ ಬಹಳ ಕಡಿಮೆಯಾಗುತ್ತದೆ.

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿಗುರುವ ಕಾಲದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ, ತೆಳುವಾಗಿ. ಸಾರಜನಕ ಜಾಸ್ತಿಯಾದರೆ ಬರೀ ಎಲೆ.

ಉದುರದೆ, ಅರಳದೆ, ಗಿಡದ ಮೇಲೆಯೇ ಕಂದಾಗುವ ಮೊಗ್ಗುಗಳ ಕಥೆ ಬೇರೆ. ಅಂಥ ಒಂದು ಮೊಗ್ಗನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿ. ಸಣ್ಣ ಗೀಟಿನಂಥ ಹುಳಗಳು ಓಡಾಡಿದರೆ ಅವು ಥ್ರಿಪ್ಸ್. ದಳಗಳ ಮಡಿಕೆಯೊಳಗೆ ಸೇರಿ ರಸ ಹೀರುತ್ತವೆ, ಅದಕ್ಕೇ ಮೇಲಿಂದ ಸಿಂಪಡಿಸಿದ್ದು ಅವಕ್ಕೆ ತಾಗುವುದು ಕಷ್ಟ. ಹಾಳಾದ ಮೊಗ್ಗು ಕಿತ್ತು ಹೊರಗೆ ಎಸೆಯುವುದೇ ಮೊದಲ ಕೆಲಸ. ಎಲೆಯ ಮೇಲೆ ಮಸಿ ಮೆತ್ತಿದಂತೆ ಕಪ್ಪಾಗಿದ್ದರೆ ಎಲೆ ತಿರುಗಿಸಿ ನೋಡಿ, ಬಿಳಿ ನೊಣವೋ ಹಿಟ್ಟು ತಿಗಣೆಯೋ ಇರುತ್ತದೆ. ಸಂಜೆ ಹೊತ್ತು ಬೇವಿನೆಣ್ಣೆ ಹೊಡೆಯಿರಿ, ಎಲೆಯ ಅಡಿಗೂ ತಾಗಬೇಕು. ಅರಳಿದ ಹೂವಿನ ಮೇಲೆ ಮಾತ್ರ ಬೇಡ.

ಗಿಡ ಆರೋಗ್ಯವಾಗಿದ್ದೂ ಮೊಗ್ಗು ಬಿಚ್ಚಲು ತಡ ಮಾಡಿದರೆ ಅದು ಯಾವ ತಳಿ ಅಂತಲೂ ನೋಡಿ. ಒತ್ತು ದಳದ ದೊಡ್ಡ ಹೂವಿಗೆ ಬಿಚ್ಚಿಕೊಳ್ಳಲು ಹೆಚ್ಚು ಬೆಳಕು, ಹೆಚ್ಚು ದಿನ ಬೇಕು. ಒಂಟಿ ಸುತ್ತಿನ ದಳದ ತಳಿಗಳು ಸಲೀಸಾಗಿ ಅರಳುತ್ತವೆ. ಮೊಗ್ಗನ್ನು ಬೆರಳಿಂದ ಬಿಡಿಸಲು ಹೋಗಬೇಡಿ ದಯವಿಟ್ಟು. ಈ ದಳಗಳು ಎಷ್ಟು ಮೆತ್ತಗೆ ಅಂದರೆ ಮುಟ್ಟಿದ ಜಾಗವೆಲ್ಲಾ ಸ್ವಲ್ಪ ಹೊತ್ತಿಗೆ ಕಂದಾಗುತ್ತದೆ. ಅಚ್ಚ ಬಿಳಿಯ ಹೂ ಎರಡು ಮೂರು ದಿನದಲ್ಲಿ ಕೆನೆ ಬಣ್ಣಕ್ಕೆ, ಆಮೇಲೆ ಹಳದಿಗೆ ತಿರುಗುವುದು ಮಾತ್ರ ಅದರ ಸಹಜ ಗುಣ. ಅದನ್ನು ರೋಗ ಅಂದುಕೊಳ್ಳಬೇಡಿ. ನನಗಂತೂ ಒಂದೇ ಕೊಂಬೆಯಲ್ಲಿ ಮೂರು ಬಣ್ಣದ ಹೂ ಇರುವ ಆ ದಿನಗಳೇ ಅತಿ ಇಷ್ಟ, ಅದರಲ್ಲೂ ಕತ್ತಲಾದ ಮೇಲೆ ಪರಿಮಳ ಏರುವ ಹೊತ್ತು.

ಕತ್ತರಿ ಹಾಕುವುದು ಹೂವಿನ ಸುತ್ತು ಮುಗಿದ ಕೂಡಲೇ. ಮುಂದಿನ ಮೊಗ್ಗುಗಳು ಈಗಾಗಲೇ ಬಲಿತ ಕೊಂಬೆಗಳ ತುದಿಯಲ್ಲಿ ಬರುವುದರಿಂದ, ತಡವಾಗಿ ಕತ್ತರಿಸಿದರೆ ಮುಂದಿನ ಹೂವನ್ನೇ ಕತ್ತರಿಸಿದಂತೆ. ಕುಂಡ ಬದಲಿಸುವುದಿದ್ದರೂ ಇದೇ ಹೊತ್ತಿನಲ್ಲಿ ಬದಲಿಸಿ. ಈಗಿನದಕ್ಕಿಂತ ಒಂದು ಸೈಜ್ ಮಾತ್ರ ದೊಡ್ಡದಾದ ಕುಂಡ ತನ್ನಿ, ಬೇರಿನ ಉಂಡೆ ಒಡೆಯದಂತೆ ಇಳಿಸಿ, ಕಾಂಡ ಮೊದಲು ಎಷ್ಟು ಮೇಲಿತ್ತೋ ಅಷ್ಟೇ ಮೇಲಿರಲಿ.