ಹುಳಿ ಬಂದ ಕಬ್ಬಿನ ಹಾಲು

ನಿನ್ನೆ ಮಂಡ್ಯ ಹತ್ತಿರ ನಮ್ಮ ಮಾವನ ಆಲೆಮನೆಗೆ ಹೋಗಿದ್ದೆ. ಗಾಣ ಕೆಟ್ಟು ಎರಡು ದಿನ ಆಗಿತ್ತಂತೆ, ಅರ್ಧ ಡ್ರಮ್ ಕಬ್ಬಿನ ಹಾಲು ಹಾಗೇ ಉಳಿದು, ಬಿಸಿಲಿಗೆ ಹುಳಿ ಬಂದು, ಮೇಲೆಲ್ಲ ಸಣ್ಣ ಗುಳ್ಳೆ, ಹತ್ತಿರ ಹೋದರೆ ಹೆಂಡದ ಘಾಟು. ಅಲ್ಲಿ ಎರಡು ನಾಯಿ ಇವೆ, ಒಂದೇ ತಾಯಿ ಮರಿಗಳು. ಕರಿಯ ಒಂದು ಸಲ ಮೂಸಿ, ಸೀನಿ, ಬೂದಿ ಗುಡ್ಡೆ ಮೇಲೆ ಹೋಗಿ ಮಲಗಿತು. ಕೆಂಚ ಮಾತ್ರ ನೆಲಕ್ಕೆ ಚೆಲ್ಲಿದ್ದನ್ನೂ ಬಿಡದೆ ನೆಕ್ಕುತ್ತಿತ್ತು. ನಾಯಿಗೆ ಅದು ವಿಷ ಇದ್ದ ಹಾಗೆ, ಓಡಿಸಿದೆವು ಬಿಡಿ.

ಆಗ ನೆನಪಾಗಿದ್ದು ಕೆರಿಬಿಯನ್‌ನ ಸೇಂಟ್ ಕಿಟ್ಸ್ ದ್ವೀಪದ ವರ್ವೆಟ್ ಕೋತಿಗಳು. 17ನೇ ಶತಮಾನದಲ್ಲಿ ಆಫ್ರಿಕಾದಿಂದ ಹಡಗು ಹತ್ತಿ ಬಂದವು. ಅಲ್ಲೂ ನಮ್ಮ ಹಾಗೇ ಕಬ್ಬಿನ ಗದ್ದೆಗಳು, ಹುಳಿ ಬಂದ ಕಬ್ಬು ತಿಂದೇ ಮದ್ಯದ ರುಚಿ ಹತ್ತಿತು ಅನ್ನುತ್ತಾರೆ. ಈಗ ಬೀಚಿನಲ್ಲಿ ಪ್ರವಾಸಿಗರ ಗ್ಲಾಸಿಗೇ ಕೈ ಹಾಕುತ್ತವೆ. ಆದರೆ ಎಲ್ಲವೂ ಒಂದೇ ಥರ ಅಲ್ಲ. ಸಂಶೋಧಕರು ಮದ್ಯ ಕೊಟ್ಟು ನೋಡಿದಾಗ ಹೆಚ್ಚಿನವು ಸಿಹಿ ಬೆರೆಸಿದ್ದರೆ ಮಾತ್ರ, ಜೊತೆಗಾರರ ಮಧ್ಯೆ, ಹಿತಮಿತವಾಗಿ ಕುಡಿದವು. ಕೆಲವು ಮುಟ್ಟಲೇ ಇಲ್ಲ. ನೂರಕ್ಕೆ ಸುಮಾರು 5 ಮಾತ್ರ ಬೀಳುವ ತನಕ ಬಿಡಲಿಲ್ಲ. ನಮ್ಮೂರಿನ ಲೆಕ್ಕವೂ ಹೆಚ್ಚುಕಮ್ಮಿ ಇಷ್ಟೇ ಅಲ್ವಾ?

ಡ್ರಮ್ ಸುತ್ತ ಹಣ್ಣಿನ ನೊಣಗಳೂ ಮುತ್ತಿದ್ದವು. ಹೆಣ್ಣು ಒಲ್ಲೆ ಅಂದ ಗಂಡು ನೊಣ ಮದ್ಯ ಬೆರೆತ ಆಹಾರವನ್ನೇ ಜಾಸ್ತಿ ತಿನ್ನುತ್ತದೆ ಅಂತ 2012ರಲ್ಲಿ ಒಂದು ಅಧ್ಯಯನ ಬಂದಿತ್ತು. ಸುಮ್ನೆ ಮಾವನಿಗೆ ಹೇಳಿದೆ. ಕೊಪ್ಪರಿಗೆ ಉಜ್ಜುತ್ತಲೇ ಕೆಂಚನ ಕಡೆ ನೋಡಿದರು. "ಇವನಿಗೆ ಯಾರಪ್ಪ ಒಲ್ಲೆ ಅಂದಿದ್ದು?"