ಗಂಟು 0.6: ಬುಲೆಟಿನ್ ಬೋರ್ಡ್ ಕಾಲದ ಆರ್ಕೈವ್ ಫೈಲುಗಳ ಜಾತಿ ಹೇಳುವ ಡಾಸ್ ಪ್ರೋಗ್ರಾಮಿನ ಕೆಲಸದ ದಾಖಲೆ

‘ಗಂಟು’ ಒಂದೇ ಕೆಲಸ ಮಾಡುವ ಡಾಸ್ ಪ್ರೋಗ್ರಾಮು. ಫೈಲೊಂದನ್ನು ಕೊಟ್ಟರೆ ಅದನ್ನು ಕಟ್ಟಿದ್ದು ಯಾವ ಆರ್ಕೈವರ್ (ಹಲವು ಫೈಲುಗಳನ್ನು ಕುಗ್ಗಿಸಿ ಒಂದೇ ಫೈಲಾಗಿ ಕಟ್ಟುವ ಪ್ರೋಗ್ರಾಮು), ಬಿಚ್ಚಲು ಎಷ್ಟನೇ ಆವೃತ್ತಿ ಬೇಕು ಎಂಬುದನ್ನು ಒಂದು ಸಾಲಿನಲ್ಲಿ ಹೇಳುತ್ತದೆ. ಬ್ಯಾಚ್ ಫೈಲಿಗೆ ಅನುಕೂಲವಾಗಲೆಂದು ಅದೇ ಉತ್ತರವನ್ನು ಎರರ್‌ಲೆವೆಲ್ ಸಂಖ್ಯೆಯಾಗಿಯೂ (ಮುಗಿಯುವಾಗ ಪ್ರೋಗ್ರಾಮು ಡಾಸ್‌ಗೆ ಒಪ್ಪಿಸುವ ಸಂಖ್ಯೆ) ಕೊಡುತ್ತದೆ. ಬಿಚ್ಚುವ ಕೆಲಸ ಇದರದ್ದಲ್ಲ.

ಇಂಥ ಪ್ರೋಗ್ರಾಮುಗಳು ಬುಲೆಟಿನ್ ಬೋರ್ಡುಗಳ (ಫೋನ್ ಮೂಲಕ ಫೈಲು, ಸಂದೇಶ ಹಂಚುತ್ತಿದ್ದ ಕಂಪ್ಯೂಟರುಗಳ) ಕಾಲದಲ್ಲಿ ಬೇಕಾಗಿದ್ದವು, ಏಕೆಂದರೆ ಫೈಲಿನ ಹೆಸರನ್ನು ನಂಬುವ ಹಾಗಿರಲಿಲ್ಲ. ಎಸ್‌ಇಎ ಕಂಪನಿಯ ಆರ್ಕ್, ಪಿಕೆವೇರ್‌ನ ಪಿಕೆಆರ್ಕ್ ಎರಡೂ ‘.ಆರ್ಕ್’ ಎಂದೇ ಬರೆಯುತ್ತಿದ್ದವು. ಬೋರ್ಡುಗಳ ನಡುವೆ ಟಪಾಲು ಸಾಗಿಸುತ್ತಿದ್ದ ಫಿಡೋನೆಟ್‌ನಲ್ಲಂತೂ ಟಪಾಲಿನ ಕಟ್ಟುಗಳಿಗೆ ವಾರದ ಹೆಸರು: ಸೋಮವಾರದ್ದು ‘.ಎಂಒ0’, ಮಂಗಳವಾರದ್ದು ‘.ಟಿಯು1’. ಒಳಗಿರುವುದು ಆರ್ಕೋ ಝಿಪ್ಪೋ ಎಲ್‌ಝಡ್‌ಎಚ್ಚೋ, ತೆರೆದು ನೋಡಬೇಕು. ಹಳೆಯ ಶೇರ್‌ವೇರ್ ಸಿಡಿಗಳನ್ನು ಈಗ ವಿಂಗಡಿಸುವವರಿಗೂ ಇದೇ ತೊಂದರೆ.

ನಿಯಮಗಳು ಮೊದಲಿನಿಂದಲೂ ಇವೇ: ನ್ಯಾಸ್ಮ್ ಅಸೆಂಬ್ಲರ್, 8086ರ ಸೂಚನೆಗಳು ಮಾತ್ರ, ಒಂದೇ ‘.ಕಾಮ್’ ಫೈಲು, ಡಾಸ್ 3.1 ಅಥವಾ ಅದರ ನಂತರದ್ದು. ಕೆಳಗೆ ಬರುವ ಬೈಟ್ ಮೌಲ್ಯ, ಸ್ಥಾನಗಳೆಲ್ಲ ದಶಮಾನದಲ್ಲಿವೆ. ಸ್ಥಾನದ ಎಣಿಕೆ ಸೊನ್ನೆಯಿಂದ.

0.1: ಸಹಿಗಳ ಪಟ್ಟಿ

ಸಹಿ ಎಂದರೆ ಫೈಲಿನ ಬಗೆಯನ್ನು ತಿಳಿಸುವ ನಿಗದಿತ ಬೈಟುಗಳು. ಮೊದಲ ಆವೃತ್ತಿ ಬರೀ ಕೋಷ್ಟಕ. ಪ್ರತಿ ಸಾಲಿನಲ್ಲಿ ಸ್ಥಾನ, ಉದ್ದ, ಬೈಟುಗಳು, ಉತ್ತರದ ಸಂಖ್ಯೆ. ಝಿಪ್‌ಗೆ ಆರಂಭದಲ್ಲಿ ‘ಪಿಕೆ’ ಅಕ್ಷರಗಳು, ಅವುಗಳ ಹಿಂದೆ 3, 4. ಎಆರ್‌ಜೆಗೆ 96, 234. ಝೂಗೆ 20ನೇ ಸ್ಥಾನದಲ್ಲಿ 220, 167, 196, 253. ಎಲ್‌ಎಚ್‌ಎಗೆ 2ನೇ ಸ್ಥಾನದಿಂದ ಹೈಫನ್, ‘ಎಲ್‌ಎಚ್’, ಒಂದು ಅಂಕಿ, ಮತ್ತೆ ಹೈಫನ್. ಸ್ಕ್ವೀಝ್ ಇಟ್‌ಗೆ ‘ಎಚ್‌ಎಲ್‌ಎಸ್‌ಕ್ಯೂಝಡ್’. ಆರ್‌ಎಆರ್‌ಗೆ ‘ಆರ್‌ಎಆರ್!’ ಮತ್ತು 26, 7, 0. ಅದಕ್ಕೂ ಹಿಂದಿನ ಆರ್‌ಎಆರ್‌ಗಳಲ್ಲಿ ‘ಆರ್‌ಇ~^’. ಏಸ್‌ಗೆ 7ನೇ ಸ್ಥಾನದಲ್ಲಿ ನಕ್ಷತ್ರಗಳ ನಡುವೆ ಅದರ ಹೆಸರು. ಯುನಿಕ್ಸ್ ಕಡೆಯಿಂದ ಬಂದವುಗಳಲ್ಲಿ ಜಿಝಿಪ್ 31, 139. ಕಂಪ್ರೆಸ್ 31, 157. ಸಿಪಿ/ಎಂನ ಸ್ಕ್ವೀಝ್ 118, 255. ಕ್ರಂಚ್ 118, 254.

ಡಿಡಬ್ಲ್ಯುಸಿ ಎಂಬ ಆರ್ಕೈವರ್ ಮಾತ್ರ ತಿರುಗುಮುರುಗು. ಅದರ ಸಹಿ ಫೈಲಿನ ಕೊನೆಯ ಮೂರು ಬೈಟುಗಳಲ್ಲಿದೆ, ಆರಂಭದಲ್ಲಿ ಏನೂ ಇಲ್ಲ. ಹೀಗಾಗಿ ಕೋಷ್ಟಕದ ‘ಸ್ಥಾನ’ಕ್ಕೆ ಋಣ ಸಂಖ್ಯೆಯನ್ನೂ ಒಪ್ಪಿಸಬೇಕಾಯಿತು.

ಝೂ ಫೈಲಿನ ಆರಂಭದಲ್ಲಿ ‘ಝೂ 2.10 ಆರ್ಕೈವ್’ ಎಂಬ ಇಂಗ್ಲಿಷ್ ಪಠ್ಯ ಕಾಣುತ್ತದೆಂದು ಅದನ್ನೇ ಸಹಿಯಾಗಿ ಹಿಡಿಯಬಾರದು. ಅದು ಮನುಷ್ಯರು ಓದಲಿಕ್ಕೆ ಇಟ್ಟದ್ದು, ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ನಂಬಬೇಕಾದ್ದು 20ನೇ ಸ್ಥಾನದ ನಾಲ್ಕು ಬೈಟುಗಳನ್ನು. ಅವುಗಳ ಪಕ್ಕದಲ್ಲೇ ಇನ್ನೊಂದು ಉಪಕಾರವಿದೆ: 24ರಲ್ಲಿ ಮೊದಲ ನಮೂದಿನ ಸ್ಥಾನ, 28ರಲ್ಲಿ ಅದರ ಋಣರೂಪ. ಎರಡನ್ನೂ ಕೂಡಿದರೆ ಸೊನ್ನೆ ಬರಬೇಕು. ಝೂ ಬರೆದ ರಾಹುಲ್ ಧೇಸಿ ಹೀಗೆ ತಾಳೆ ನೋಡುವ ದಾರಿಯನ್ನು ಹೆಡರಿನಲ್ಲೇ (ವಿವರ ಹೊತ್ತ ಮೊದಲ ಭಾಗದಲ್ಲೇ) ಇಟ್ಟದ್ದರಿಂದ, ಈ ಕೆಲಸದಲ್ಲಿ ಅತಿ ಕಡಿಮೆ ಕಾಟ ಕೊಟ್ಟ ಬಗೆ ಝೂ.

0.2: 26ರ ಸಮಸ್ಯೆ

ಆರ್ಕ್‌ಗೆ ಇರುವುದು ಒಂದೇ ಬೈಟಿನ ಸಹಿ, 26. ಅದು ಕಂಟ್ರೋಲ್-ಝಡ್, ಸಿಪಿ/ಎಂ ಮತ್ತು ಡಾಸ್‌ಗಳಲ್ಲಿ ಪಠ್ಯ ಮುಗಿಯಿತೆಂಬ ಗುರುತು. ಟೈಪ್ ಆಜ್ಞೆ ಕೊಟ್ಟರೆ ಪರದೆ ತುಂಬ ಕಸ ಸುರಿಯದೆ ಅಲ್ಲೇ ನಿಲ್ಲುತ್ತದೆ. ಆರ್‌ಎಆರ್, ಝೂ, ಯುಸಿ2ಗಳು ಹೆಸರಿನ ಹಿಂದೆಯೇ 26 ಇಟ್ಟುಕೊಂಡಿರುವುದೂ ಪರದೆಯ ಮೇಲೆ ಇದೇ ಫಲ ಕೊಡುತ್ತದೆ. ಬಳಸುವವರಿಗೆ ಒಳ್ಳೆಯದೇ, ಗುರುತಿಸುವ ಪ್ರೋಗ್ರಾಮಿಗೆ ಮಾತ್ರ ಕಷ್ಟ. ಮೊದಲ ಬೈಟು 26 ಆಗಿರುವ ಫೈಲನ್ನೆಲ್ಲ ಆರ್ಕ್ ಎಂದ 0.1, ಹೈಪರ್ ಆರ್ಕೈವನ್ನೂ ಆರ್ಕ್ ಎಂದೇ ಹೇಳುತ್ತಿತ್ತು. ಹೈಪರ್‌ನಲ್ಲಿ 26ರ ಹಿಂದೆ ‘ಎಚ್‌ಪಿ’ ಅಥವಾ ‘ಎಸ್‌ಟಿ’ ಇರುತ್ತದೆ.

ಎರಡನೇ ಬೈಟು ಸಂಕೋಚನದ ವಿಧಾನ. 1, 2 ಹಾಗೇ ಇಟ್ಟದ್ದು, 3 ಪ್ಯಾಕ್, 4 ಹಫ್‌ಮನ್, 5ರಿಂದ 8 ಎಲ್‌ಝಡ್‌ಡಬ್ಲ್ಯು, 9 ಪಿಕೆಆರ್ಕ್ ತಂದ ಸ್ಕ್ವಾಷ್, 10, 11 ಪ್ಯಾಕ್ (ಪಿಎಕೆ) ಎಂಬ ಬೇರೆಯದೇ ಆರ್ಕೈವರಿನವು. 0 ಬಂದರೆ ಆರ್ಕೈವ್ ಮುಗಿಯಿತು. 2ರಿಂದ 14ನೇ ಸ್ಥಾನದವರೆಗೆ ಹೆಸರು, 15ರಿಂದ ನಾಲ್ಕು ಬೈಟು ಸಂಕುಚಿತ ಗಾತ್ರ, ಆಮೇಲೆ ದಿನಾಂಕ, ಸಮಯ, ಸಿಆರ್‌ಸಿ (ದೋಷ ಹಿಡಿಯುವ ತಾಳೆಯ ಸಂಖ್ಯೆ), ಮೂಲ ಗಾತ್ರ. ಒಟ್ಟು 29 ಬೈಟು. ವಿಧಾನ 1ರಲ್ಲಿ ಮೂಲ ಗಾತ್ರ ಇರುವುದಿಲ್ಲ, ಆದ್ದರಿಂದ 25. ಈ ನಾಲ್ಕು ಬೈಟಿನ ವ್ಯತ್ಯಾಸ ಮರೆತರೆ ಎರಡನೇ ಹೆಡರ್ ಸಿಗುವುದೇ ಇಲ್ಲ.

ವಿಧಾನ ಸರಿಯಿದೆಯೇ, ಹೆಸರಿನಲ್ಲಿ ಓದಬಹುದಾದ ಅಕ್ಷರಗಳಿವೆಯೇ, ಕೊನೆಗೆ ಸೊನ್ನೆ ಬಂತೇ ಎಂದಷ್ಟೇ ನೋಡಿದರೆ ಸಾಲದು ಎಂಬುದಕ್ಕೆ ಟರ್ಮ್‌ಇನ್ಫೋ ಸಾಕ್ಷಿ. ಟರ್ಮಿನಲ್ಲುಗಳ ವಿವರ ಇಡುವ ಯುನಿಕ್ಸ್‌ನ ಆ ಫೈಲುಗಳು ಶುರುವಾಗುವುದೇ 26, 1ರಿಂದ. ಮುಂದಿನ ಎರಡು ಬೈಟು ಹೆಸರುಗಳ ಉದ್ದ. ಉದ್ದ ಸಾಮಾನ್ಯವಾಗಿ 33 ದಾಟಿ 127ರ ಒಳಗಿರುವುದರಿಂದ ಮೊದಲನೆಯದು ಓದಬಹುದಾದ ಅಕ್ಷರ, ಎರಡನೆಯದು ಸೊನ್ನೆ. ಅಂದರೆ ಒಂದಕ್ಷರದ ಹೆಸರಿನ ಫೈಲನ್ನು ವಿಧಾನ 1ರಲ್ಲಿ ಕಟ್ಟಿದ ಆರ್ಕ್ ಹೇಗೆ ಕಾಣುತ್ತದೋ ಥೇಟ್ ಹಾಗೆ. ಇದನ್ನು ತಡೆದದ್ದು ಗಾತ್ರದ ಪರೀಕ್ಷೆ. ಟರ್ಮ್‌ಇನ್ಫೋದಲ್ಲಿ 12ನೇ ಸ್ಥಾನದಿಂದ ಟರ್ಮಿನಲ್ಲಿನ ಹೆಸರು. ವಿಟಿ100ರ ಫೈಲಿನಲ್ಲಿ 15ರಿಂದ 18ರವರೆಗೆ ಬೀಳುವುದು ‘0’, ‘0’, ಲಂಬಗೆರೆ, ‘ವಿ’. ಅವನ್ನು ಗಾತ್ರವೆಂದು ಓದಿದರೆ 198 ಕೋಟಿ ಬೈಟಿಗೂ ಹೆಚ್ಚು. ಫೈಲೇ ಅಷ್ಟು ದೊಡ್ಡದಿಲ್ಲ, ಆದ್ದರಿಂದ ತಿರಸ್ಕಾರ.

ಇಲ್ಲಿಂದ ಮುಂದೆ ಇಡೀ ಪ್ರೋಗ್ರಾಮಿನ ದಾರಿ ಬದಲಾಯಿತು. ಸಹಿ ಸಿಕ್ಕಿತೆಂದರೆ ಅನುಮಾನ ಹುಟ್ಟಿತು ಎಂದಷ್ಟೇ ಅರ್ಥ. ಹೆಡರ್ ಹೇಳಿದಷ್ಟು ದೂರ ಹಾರಿ, ಅಲ್ಲಿ ಮುಂದಿನ ಹೆಡರೋ ಅಂತ್ಯದ ಗುರುತೋ ಸಿಕ್ಕಿದರೆ ಮಾತ್ರ ಉತ್ತರ.

ಆರ್ಕ್‌ನಲ್ಲಿ ಈ ನಡಿಗೆಯನ್ನು ಕೊನೆಯ ಸದಸ್ಯನವರೆಗೂ ಮಾಡಲೇಬೇಕು. ಮೊದಲ ನಾಲ್ಕು ಫೈಲು ವಿಧಾನ 8ರಲ್ಲಿದ್ದು ಐದನೆಯದು 9ರಲ್ಲಿದ್ದರೆ ಅದು ಪಿಕೆಆರ್ಕ್ ಕಟ್ಟಿದ್ದು. ಎಸ್‌ಇಎಯ ಹಳೆಯ ಆರ್ಕ್ ಅದನ್ನು ಬಿಚ್ಚಲಾರದು. ಈ 9 ಆ ಕಾಲದ ಬೋರ್ಡುಗಳಿಗೆಲ್ಲ ತಲೆನೋವಾಗಿತ್ತು. 1988ರಲ್ಲಿ ಎಸ್‌ಇಎ ಪಿಕೆವೇರ್ ಮೇಲೆ ಮೊಕದ್ದಮೆ ಹೂಡಿತು, ಅದೇ ವರ್ಷ ರಾಜಿಯಾಯಿತು, 1989ರಲ್ಲಿ ಪಿಕೆವೇರ್‌ನ ಫಿಲ್ ಕಾಟ್ಜ್ ಝಿಪ್ ತಂದರು. ಆರ್ಕ್ 6ರ ನಂತರ 20ರಿಂದ 39ರವರೆಗಿನ ಸಂಖ್ಯೆಗಳೂ ಬರುತ್ತವೆ (ಮಾಹಿತಿ, ಉಪಡೈರೆಕ್ಟರಿ ಇತ್ಯಾದಿ). ಅವನ್ನು ತಪ್ಪೆಂದು ಎಣಿಸದೆ ದಾಟಿಹೋಗುವಂತೆ ಮಾಡಿದೆ.

26, 0 ಸಿಕ್ಕ ಮೇಲೂ ಸ್ವಲ್ಪ ಕೆಲಸವಿದೆ. ಅವುಗಳ ನಂತರ 254 ಇದ್ದರೆ ಅದು ಪ್ಯಾಕ್ ಆರ್ಕೈವರಿನ ಹೆಚ್ಚುವರಿ ದಾಖಲೆ. ‘ಪಿಕೆ’, 170, 85 ಇದ್ದರೆ ಪಿಕೆಆರ್ಕ್‌ನ ಟಿಪ್ಪಣಿಗಳು. ಇನ್ನಷ್ಟು 26ಗಳಿದ್ದರೆ ಫೋನಿನಲ್ಲಿ ಫೈಲು ಕಳಿಸುವ ಎಕ್ಸ್‌ಮೋಡೆಮ್ ಪದ್ಧತಿ ಕಾರಣ: ಅದು 128 ಬೈಟಿನ ಕಟ್ಟುಗಳಲ್ಲಿ ಕಳಿಸುತ್ತದೆ, ಕೊನೆಯ ಕಟ್ಟು ತುಂಬದಿದ್ದರೆ 26 ತುಂಬಿಸುತ್ತದೆ. 1ಕೆ ಬಗೆಯಲ್ಲಿ ಈ ಭರ್ತಿ 1023 ಬೈಟಿನವರೆಗೂ ಹೋಗಬಹುದು. ಡಿಡಬ್ಲ್ಯುಸಿ ಸಿಗದೆ ಹೋಗುತ್ತಿದ್ದುದೂ ಇದರಿಂದಲೇ. ಈಗ ಬಾಲದ 26ಗಳನ್ನು ಮೊದಲು ಎಣಿಸಿ ಪಕ್ಕಕ್ಕಿಟ್ಟು, ಆಮೇಲೆ ಕೊನೆಯ ಮೂರು ಬೈಟು ನೋಡುತ್ತದೆ.

0.3: ಎಲ್‌ಎಚ್‌ಎ, ಎಆರ್‌ಜೆ

ಎಲ್‌ಎಚ್‌ಎ ಹೆಡರಿನ ಮೊದಲ ಬೈಟು ಹೆಡರಿನ ಉದ್ದ (ತನ್ನನ್ನೂ ಮುಂದಿನದನ್ನೂ ಬಿಟ್ಟು), ಎರಡನೆಯದು 2ನೇ ಸ್ಥಾನದಿಂದ ಅಷ್ಟು ಬೈಟುಗಳ ಮೊತ್ತದ ಕೆಳಗಿನ ಎಂಟು ಬಿಟ್. ಈ ಲೆಕ್ಕ ಹಾಕಿ ನೋಡಿದರೆ ಹಳೆಯ ಎಲ್‌ಎಚ್‌ಆರ್ಕ್ (ಎಲ್‌ಎಚ್‌ಎಯ ಮೊದಲಿನ ರೂಪ) ಫೈಲುಗಳೆಲ್ಲ ಸರಿಬಂದವು, ಹೊಸ ಕೆಲವು ತಿರಸ್ಕೃತವಾದವು. ಕಾರಣ 20ನೇ ಸ್ಥಾನದಲ್ಲಿರುವ ಮಟ್ಟ. ಮಟ್ಟ 0, 1ಕ್ಕೆ ಮೇಲಿನ ಲೆಕ್ಕ ಸರಿ. ಮಟ್ಟ 2ರಲ್ಲಿ ಮೊದಲ ಎರಡು ಬೈಟೂ ಸೇರಿ ಹೆಡರಿನ ಪೂರ್ತಿ ಉದ್ದ, ಮೊತ್ತವೇ ಇಲ್ಲ. ಹಾಗಾಗಿ ಮೊದಲು 20ನೇ ಬೈಟು ಓದಿ, ಆಮೇಲೆ ಉಳಿದದ್ದು. ಮಟ್ಟ 0, 1ರಲ್ಲಿ ಮುಂದಿನ ಹೆಡರ್ ಇರುವುದು ಉದ್ದ + 2 + 7ನೇ ಸ್ಥಾನದ ಗಾತ್ರದಷ್ಟು ದೂರದಲ್ಲಿ. ಮಟ್ಟ 2ರಲ್ಲಿ ಆ 2 ಕೂಡಿಸಬಾರದು. ಹೆಡರ್ ಇರಬೇಕಾದ ಕಡೆ ಸೊನ್ನೆ ಬಂದರೆ ಅಂತ್ಯ.

ಉತ್ತರದಲ್ಲಿ ವಿಧಾನವನ್ನೂ ತೋರಿಸುತ್ತದೆ: ‘ಎಲ್‌ಎಚ್1’ಕ್ಕೆ ಎಲ್‌ಎಚ್‌ಆರ್ಕ್ ಸಾಕು, ‘ಎಲ್‌ಎಚ್5’ಕ್ಕೆ ಎಲ್‌ಎಚ್‌ಎ 2 ಬೇಕು.

ಎಆರ್‌ಜೆಯ 96, 234 ಆಕಸ್ಮಿಕವಾಗಿಯೂ ಬರಬಹುದು, 65,536ರಲ್ಲಿ ಒಂದು ಸಲ. ಹೆಡರ್ ಗಾತ್ರ 2600 ಮೀರಬಾರದು, ಮುಖ್ಯ ಹೆಡರಿನಲ್ಲಿ 10ನೇ ಬೈಟು 2 ಆಗಿರಬೇಕು, ಕೊನೆಗೆ 4ನೇ ಸ್ಥಾನದಿಂದ ಹೆಡರಿನ ಸಿಆರ್‌ಸಿ-32 ಹೊಂದಬೇಕು. ಸಿಆರ್‌ಸಿಗೆ 256 ಸಾಲಿನ ಕೋಷ್ಟಕ ಇಟ್ಟರೆ 1024 ಬೈಟು ಹೋಗುತ್ತದೆ. ನಾಲ್ಕು ನಾಲ್ಕು ಬಿಟ್ ತಿರುಗಿಸುವ 16 ಸಾಲಿನ ಕೋಷ್ಟಕಕ್ಕೆ 64 ಬೈಟು ಸಾಕು. 2600 ಬೈಟಿಗೆ ವೇಗದ ಚಿಂತೆ ಬೇಡ.

0.4: ಝಿಪ್‌ನ ಬಾಲ

ಝಿಪ್‌ನ ಆರಂಭ ನೋಡಿ ಹೇಳುವುದು ಸುಲಭ. ಪೂರ್ತಿ ಇಳಿದಿದೆಯೇ ಎಂದು ಹೇಳಲು ಕೊನೆಯ ದಾಖಲೆ ಬೇಕು: ‘ಪಿಕೆ’, 5, 6ರಿಂದ ಶುರುವಾಗುವ 22 ಬೈಟು, ಅದರ ನಂತರ 65,535 ಬೈಟಿನವರೆಗಿನ ಟಿಪ್ಪಣಿ. ಬೋರ್ಡುಗಳು ತಮ್ಮ ಫೋನ್ ನಂಬರಿನ ಜಾಹೀರಾತು ತುಂಬುತ್ತಿದ್ದುದು ಈ ಟಿಪ್ಪಣಿಯಲ್ಲೇ, ಆದ್ದರಿಂದ ‘ಟಿಪ್ಪಣಿ ಇರುವುದಿಲ್ಲ’ ಎಂದು ಹೊರಟರೆ ಬೋರ್ಡಿನ ಫೈಲುಗಳಲ್ಲಿ ಸೋಲು ಖಚಿತ. ಎರಡೂ ಸೇರಿ ಗರಿಷ್ಠ 65,557 ಬೈಟು. ಡಾಸ್‌ನ ಒಂದು ಸೆಗ್ಮೆಂಟು (ಒಮ್ಮೆಗೆ ಎಟುಕುವ ಮೆಮೊರಿಯ ತುಂಡು) 65,536. ಖಾಲಿ ಸೆಗ್ಮೆಂಟಿನಲ್ಲಿಯೂ 21 ಬೈಟು ಹೊರಗುಳಿಯುತ್ತದೆ! ಕೊನೆಯಿಂದ ಹಿಂದಕ್ಕೆ 4096ರ ತುಂಡುಗಳಲ್ಲಿ ಓದಿ, ದಾಖಲೆ ಎರಡು ತುಂಡುಗಳ ನಡುವೆ ಸೀಳಿಹೋಗದಂತೆ 21 ಬೈಟು ಅತಿವ್ಯಾಪ್ತಿ ಇಟ್ಟದ್ದಾಯಿತು. ಭರ್ತಿ ಸೇರಿದರೂ 17 ಓದಿಗೆ ಮುಗಿಯುತ್ತದೆ.

ಸಿಕ್ಕಿದ ದಾಖಲೆಯ ಟಿಪ್ಪಣಿ ಉದ್ದ ಫೈಲಿನ ಕೊನೆಗೆ ಸರಿಯಾಗಿ ಮುಟ್ಟಬೇಕು. ಉಳಿದದ್ದು ಬರೀ 26 ಅಥವಾ 0 ಆಗಿದ್ದರೆ ಸರಿ. ಇಲ್ಲವಾದರೆ ಹಿಂದಕ್ಕೆ ಹುಡುಕುತ್ತಾ ಹೋಗಬೇಕು. ಈ ತಾಳೆ ಇಲ್ಲದಿದ್ದರೆ ಒಂದು ಮೋಸ ನಡೆಯುತ್ತದೆ: ಝಿಪ್‌ನೊಳಗೆ ಇನ್ನೊಂದು ಝಿಪ್ಪನ್ನು ಹಾಗೇ ಇಟ್ಟಿದ್ದು, ಫೋನ್ ಕಡಿದು ಹೊರಗಿನದರ ಬಾಲ ಬಾರದೆ ಹೋಗಿದ್ದರೆ, ಒಳಗಿನದರ ಬಾಲವನ್ನೇ ಹಿಡಿದು ‘ಪೂರ್ತಿ’ ಎಂದುಬಿಡುತ್ತದೆ. ಬಾಲ ಸಿಗದಿದ್ದರೆ ಉತ್ತರಕ್ಕೆ 128 ಕೂಡಿಸಿ ಹಿಂದಿರುಗಿಸುತ್ತದೆ, ಅಂದರೆ ‘ಝಿಪ್, ಅರ್ಧ’. ಅಂಥದ್ದನ್ನು ಪಿಕೆಝಿಪ್‌ಫಿಕ್ಸ್‌ಗೆ ಕೊಡಬಹುದು.

ವಿಧಾನ 1ರಿಂದ 6 ಇದ್ದರೆ ಪಿಕೆಝಿಪ್ 1.10ರ ಕಾಲದ್ದು, 8 ಕಂಡರೆ 1993ರ 2.04ಜಿ ಬಗೆಯದು. ಒಂದೇ ಝಿಪ್‌ನಲ್ಲಿ ಎರಡೂ ಬೆರೆತಿರಬಹುದು. ಅತಿ ಹೊಸದನ್ನೇ ಹೇಳುತ್ತದೆ.

0.5: ಇಎಕ್ಸ್‌ಇ

ತಾನೇ ಬಿಚ್ಚಿಕೊಳ್ಳುವ ಇಎಕ್ಸ್‌ಇ ಫೈಲುಗಳಲ್ಲಿ ಆರ್ಕೈವ್ ಇರುವುದು ಬಿಚ್ಚುವ ಪ್ರೋಗ್ರಾಮಿನ ಕೊನೆಗೆ ಅಂಟಿಕೊಂಡು. ಪ್ರೋಗ್ರಾಮು ಎಲ್ಲಿ ಮುಗಿಯುತ್ತದೆಂದು ಅದರ ಹೆಡರ್ ಹೇಳುತ್ತದೆ: 4ನೇ ಸ್ಥಾನದಲ್ಲಿ 512 ಬೈಟಿನ ಪುಟಗಳ ಸಂಖ್ಯೆ, 2ರಲ್ಲಿ ಕೊನೆಯ ಪುಟದ ಬೈಟು. ಒಂದು ಪುಟ ಕಳೆದು, 512ರಿಂದ ಗುಣಿಸಿ, ಕೊನೆಯ ಪುಟದ ಬೈಟು ಕೂಡಿಸಬೇಕು. 2ರಲ್ಲಿ ಸೊನ್ನೆ ಇದ್ದರೆ ಕೊನೆಯ ಪುಟ ಪೂರ್ತಿ ಎಂದರ್ಥ, ಆಗ ಕಳೆಯಬಾರದು. ಆ ಸ್ಥಾನದಲ್ಲಿ ಮತ್ತೆ ಸಹಿ ಪರೀಕ್ಷೆ. ಬೇಗ ಸಿಗುವ ಗುರುತುಗಳೂ ಇವೆ: ಎಆರ್‌ಜೆಯದು 28ರಲ್ಲಿ ‘ಆರ್‌ಜೆಎಸ್‌ಎಕ್ಸ್’, ಎಲ್‌ಎಚ್‌ಆರ್ಕ್‌ನದು 36ರಲ್ಲಿ ಅದರದೇ ಹೆಸರು.

30ರಲ್ಲಿ ‘ಪಿಕೆಲೈಟ್’ ಅಥವಾ 28ರಲ್ಲಿ ‘ಎಲ್‌ಝಡ್91’ ಇದ್ದರೆ ಅದು ಆರ್ಕೈವ್ ಅಲ್ಲ, ಕುಗ್ಗಿಸಿದ ಒಂದೇ ಪ್ರೋಗ್ರಾಮು. ಇವಕ್ಕೆ ಬೇರೆ ಸಂಖ್ಯೆ ಕೊಟ್ಟಿದೆ; ಆರ್ಕೈವ್ ಬಿಚ್ಚುವ ಪ್ರೋಗ್ರಾಮಿಗೆ ಕಳಿಸಿದರೆ ಬರೀ ದೋಷ ಬರುತ್ತದೆ.

0.6: ಬೋರ್ಡಿನಲ್ಲಿ ಓಡಿಸಲು

ವೈಲ್ಡ್‌ಕಾರ್ಡ್ ಕೊಟ್ಟರೆ ಆಜ್ಞೆಯ ಉಳಿದ ಪದಗಳು ಮಾಯವಾಗುತ್ತಿದ್ದವು. ಪಿಎಸ್‌ಪಿಯ (ಪ್ರೋಗ್ರಾಮಿನ ಮುಂದೆ ಡಾಸ್ ಇಡುವ ಮಾಹಿತಿಯ ಭಾಗ) 128ನೇ ಸ್ಥಾನದಲ್ಲಿ ಆಜ್ಞೆಯ ಸಾಲೂ ಇದೆ, ಫೈಲು ಹುಡುಕುವ ಕರೆ ತನ್ನ 43 ಬೈಟನ್ನು ಬರೆಯುವುದೂ ಅಲ್ಲೇ. ಹುಡುಕುವ ಮೊದಲು ಡಿಟಿಎಯನ್ನು (ಆ ಕರೆ ಬರೆಯುವ ಜಾಗವನ್ನು) ಬೇರೆಡೆಗೆ ಸರಿಸಿದರೆ ಸರಿಹೋಯಿತು. ಹಾಗೆ ಸರಿಸುವ ಕರೆಯ ಸಂಖ್ಯೆಯೂ 26.

ಒಂದಕ್ಕಿಂತ ಹೆಚ್ಚು ನೋಡ್ (ಫೋನ್ ಸಂಪರ್ಕ) ಇರುವ ಬೋರ್ಡಿನಲ್ಲಿ ಶೇರ್ (ಒಂದೇ ಫೈಲನ್ನು ಹಲವರು ತೆರೆಯುವುದನ್ನು ನಿಯಂತ್ರಿಸುವ ಡಾಸ್ ಪ್ರೋಗ್ರಾಮು) ಓಡುತ್ತಿರುತ್ತದೆ. ಫೈಲು ತೆರೆಯುವಾಗ ಎಎಲ್ ರೆಜಿಸ್ಟರಿನಲ್ಲಿ 0 ಬದಲು 64 ಇಡಬೇಕು: ಓದು ಮಾತ್ರ, ಯಾರನ್ನೂ ತಡೆಯಬೇಡ. ಇಲ್ಲದಿದ್ದರೆ ಇನ್ನೊಂದು ನೋಡ್‌ನಲ್ಲಿ ಅದೇ ಫೈಲು ಬಳಕೆಯಲ್ಲಿದ್ದಾಗ ಡಾಸ್ ಪ್ರವೇಶ ನಿರಾಕರಿಸಬಹುದು.

ಬ್ಯಾಚ್ ಬರೆಯುವವರಿಗೆ: ‘ಇಫ್ ಎರರ್‌ಲೆವೆಲ್ 5’ ಎಂದರೆ ‘5 ಅಥವಾ ಹೆಚ್ಚು’. ಆದ್ದರಿಂದ 128ರ ಪರೀಕ್ಷೆ ಎಲ್ಲಕ್ಕಿಂತ ಮೇಲಿರಲಿ, ಉಳಿದವು ಇಳಿಕೆಯ ಕ್ರಮದಲ್ಲಿ. 0 ಎಂದರೆ ಗೊತ್ತಾಗಲಿಲ್ಲ.

ಹಂಚುವ ಕಟ್ಟಿನಲ್ಲಿ ‘ಫೈಲ್_ಐಡಿ.ಡಿಐಝಡ್’ (ಬೋರ್ಡುಗಳು ತೋರಿಸುವ ಕಿರು ಪರಿಚಯ) ಇದೆ, ವಾಡಿಕೆಯಂತೆ ಸಾಲಿಗೆ 45 ಅಕ್ಷರ, 10 ಸಾಲಿನೊಳಗೆ. ಕಟ್ಟಿರುವುದು ಝಿಪ್‌ನಲ್ಲಿ, ಕುಗ್ಗಿಸದೆ, ವಿಧಾನ 0ರಲ್ಲಿ. ಇಷ್ಟು ಚಿಕ್ಕ ಪ್ರೋಗ್ರಾಮಿಗೆ ಕುಗ್ಗಿಸಿ ಉಳಿಯುವುದು ಅಲ್ಪ. ವಿಧಾನ 0 ಇದ್ದರೆ ಪಿಕೆಅನ್‌ಝಿಪ್ 1.10 ಮಾತ್ರ ಇರುವ ಯಂತ್ರದಲ್ಲೂ ಬಿಚ್ಚುತ್ತದೆ.

ಮುಂದಿನ ಸರದಿ ಮ್ಯಾಕ್‌ನ ಆರ್ಕೈವರ್ ಆದ ಸ್ಟಫ್‌ಇಟ್‌ನದು. ಆರಂಭದಲ್ಲಿ ‘ಎಸ್‌ಐಟಿ!’, 10ರಲ್ಲಿ ‘ಆರ್‌ಎಲ್‌ಎಯು’ ಎಂದು ನೋಡುವುದು ಕಷ್ಟವಲ್ಲ. ಆದರೆ ಮ್ಯಾಕ್‌ನಿಂದ ಬಂದವುಗಳಿಗೆ ಮುಂದೆ 128 ಬೈಟಿನ ಮ್ಯಾಕ್‌ಬೈನರಿ ಹೆಡರ್ ಅಂಟಿರುತ್ತದೆ. ಕೋಷ್ಟಕದ ಪ್ರತಿ ಸಾಲನ್ನೂ ಎರಡು ಕಡೆ ನೋಡುವ ಬದಲು, ಆ ಹೆಡರನ್ನು ಮೊದಲು ಗುರುತಿಸಿ ಫೈಲಿನ ಆರಂಭವನ್ನೇ 128 ಮುಂದಕ್ಕೆ ಸರಿಸುವ ಯೋಜನೆ.