ರೋಲರ್ ಜನ ನೋಡುವ ಕಡೆಗಿರಲಿ ಅಂದುಕೊಂಡೆ

ಬೆಂಗಳೂರಿನಲ್ಲಿ ಮಾಡೆಲ್ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ವರ್ಷದ ಹತ್ತು ತಿಂಗಳು ಬಿಲ್ಡರ್‌ಗಳಿಗೆ ಅಪಾರ್ಟ್‌ಮೆಂಟ್ ಮಾಡೆಲ್ ಮಾಡುತ್ತೇವೆ: ಅಕ್ರಿಲಿಕ್ ಗೋಡೆ, ಸ್ಪಂಜಿನ ಮರ, ಯಾರೂ ಇಳಿಯದ ನೀಲಿ ಈಜುಕೊಳ. ಹೀಗಿರುವಾಗ ಒಂದು ಆಫೀಸಿನ ಲಾಬಿಗೆ ಓಡುವ ರೈಲು ಬೇಕು, ಸಕಲೇಶಪುರ ಘಾಟಿಯ ಥರ ಇರಬೇಕು ಅಂತ ಆರ್ಡರ್ ಬಂತು. ನಾವು ರೇಟನ್ನೂ ಸರಿಯಾಗಿ ಮಾತಾಡದೆ ಒಪ್ಪಿಕೊಂಡುಬಿಟ್ಟೆವು.

ಎಚ್‌ಓ ಸ್ಕೇಲು, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50ಕ್ಕೆ 1ರ ಏರು. ಅದರಲ್ಲಿ ಒಂದು ಸೇತುವೆಯನ್ನಾದರೂ ಕೂರಿಸದಿದ್ದರೆ ಘಾಟಿ ಅಂತ ಹೇಳಿಕೊಳ್ಳೋದು ಹೇಗೆ? ನಮಗೆ ಸಿಕ್ಕಿದ್ದು ಅಮೆರಿಕದ ಮಾದರಿಯ ಪ್ಲೇಟ್ ಗರ್ಡರ್ (ಉಕ್ಕಿನ ತಗಡಿನ ತೊಲೆ) ಸೇತುವೆಯ ಕಿಟ್. 50 ಅಡಿಯ ಎರಡು ಸ್ಪ್ಯಾನ್, ಅಂದರೆ ಒಂದು ಆಧಾರದಿಂದ ಇನ್ನೊಂದಕ್ಕೆ ಚಾಚುವ ತುಂಡು. ಮೇಜಿನ ಮೇಲೆ ತಲಾ 175 ಮಿ.ಮೀ. ನಡುವೆ ಒಂದು ಕಂಬ, ಎರಡು ಕಡೆ ಕಲ್ಲಿನ ಅಬಟ್‌ಮೆಂಟ್, ಅಂದರೆ ಸೇತುವೆಯ ತುದಿ ಕೂರುವ ಕಟ್ಟೆ. ಹಳಿ ಮೇಲೆ, ಗರ್ಡರ್ ಕೆಳಗೆ ಇರುವ ನಮೂನೆ. ನಮ್ಮ ಘಾಟಿಗೂ ಒಪ್ಪುತ್ತದೆ.

ಕಿಟ್ ಜೋಡಿಸುವುದರಲ್ಲಿ ನಮಗೆ ಕೈ ಪಳಗಿದೆ. ತುಂಡುಗಳನ್ನು ಚೌಕಟ್ಟಿನಿಂದ ಮುರಿದು ತೆಗೆಯಬಾರದು, ನಿಪ್ಪರಿನಲ್ಲಿ ಕತ್ತರಿಸಿ ಅರ ಹಾಕಬೇಕು. ಕ್ವಿಕ್ ಗಮ್ ಬೇಡ, ಅದು ಪ್ಲಾಸ್ಟಿಕ್ ಮೇಲೆ ಬಿಳಿ ಮಬ್ಬು ಬಿಡುತ್ತದೆ. ನೀರಿನಂತಿರುವ ಪ್ಲಾಸ್ಟಿಕ್ ಸಿಮೆಂಟನ್ನು ಬ್ರಷ್ ತುದಿಯಲ್ಲಿ ಸಂದಿಗೆ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಹರಿದುಕೊಳ್ಳುತ್ತದೆ. ಜೋಡಿಸಿದ ಸ್ಪ್ಯಾನನ್ನು ಗಾಜಿನ ಮೇಲಿಟ್ಟು ನಾಲ್ಕೂ ಮೂಲೆ ಬೆರಳಲ್ಲಿ ತಟ್ಟಿ ನೋಡಬೇಕು. ಟಕ್ ಅಂದರೆ ತಿರುಚಿಕೊಂಡಿದೆ ಅಂತ ಅರ್ಥ. ಆಮೇಲೆ ಪ್ರೈಮರ್, ಅದರ ಮೇಲೆ ನಮ್ಮ ರೈಲ್ವೆಯವರು ಬಳಿಯುವ ಅಲ್ಯೂಮಿನಿಯಂ ಬಣ್ಣ, ಮೂಲೆಗಳಲ್ಲಿ ಸ್ವಲ್ಪ ತುಕ್ಕು.

ಕೂರಿಸುವಾಗಲೂ ಬುದ್ಧಿ ಉಪಯೋಗಿಸಿದ್ದೇವೆ ಅಂದುಕೊಂಡಿದ್ದೆ. ಮೊದಲು ಅಬಟ್‌ಮೆಂಟ್ ಕಟ್ಟಿ, ಸೇತುವೆ ಇಟ್ಟು, ಆಮೇಲೆ ಹಳಿ ಎಳೆದರೆ ಎಲ್ಲೋ ಒಂದು ಮಿಲಿಮೀಟರ್ ಉಬ್ಬು ಬಂದೇ ಬರುತ್ತದೆ, ಬೋಗಿಗಳ ಕೊಂಡಿ ಕಳಚಿಕೊಳ್ಳುತ್ತದೆ. ಅದಕ್ಕೆ ಉಲ್ಟಾ ಮಾಡಿದೆವು. ಕಣಿವೆಯ ಮೇಲೆ ಮರದ ಪಟ್ಟಿ ಹಾಕಿ ಹಳಿ ಹಾಸಿ, ರೈಲು ಓಡಿಸಿ ನೋಡಿ, ಪಟ್ಟಿ ತೆಗೆದು, ಸೇತುವೆಯನ್ನು ಕೆಳಗಿನಿಂದ ಹಳಿಗೆ ತಾಗಿಸಿದೆವು. ಅಬಟ್‌ಮೆಂಟಿನ ಮೇಲೆ ಉಳಿದ ಸಂದಿಗೆ ಅರ್ಧ ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆ ತುರುಕಿದೆವು. ಇಷ್ಟೂ ಸರಿಯಾಗಿಯೇ ಇತ್ತು. ಈಗಲೂ ಹೀಗೇ ಮಾಡುತ್ತೇನೆ.

ಆಮೇಲೆ ಎಲ್ಲವನ್ನೂ ಗಟ್ಟಿ ಮಾಡಿದೆ. ಲಾಬಿ ಅಂದರೆ ಮಕ್ಕಳು ಬರುತ್ತಾರೆ, ಕೈ ಹಾಕುತ್ತಾರೆ. ಗರ್ಡರಿನ ಎಲ್ಲ ಪಾದಗಳಿಗೂ ಎಪಾಕ್ಸಿ, ಹಳಿಯ ಪ್ರತಿ ಜಾಯಿಂಟಿಗೂ ಬೆಸುಗೆ. ಕಿಟ್‌ನಲ್ಲಿ ಗರ್ಡರಿನ ತುದಿಗೆ ಅಡಿಯಲ್ಲಿ ಕೂರಿಸುವ ಎರಡು ಬಗೆಯ ಪಾದ, ಅಂದರೆ ಬೇರಿಂಗ್ ಇದ್ದವು: ಒಂದು ಬರೀ ಗಟ್ಟಿ ಪಾದ, ಇನ್ನೊಂದಕ್ಕೆ ಅಡಿಯಲ್ಲಿ ರೋಲರ್ ಕೆತ್ತಿತ್ತು. ರೋಲರ್ ಇದ್ದದ್ದು ನೋಡಲು ಚಂದ. ಅದನ್ನು ಜನ ನೋಡುವ ಕಡೆಯ ಗರ್ಡರಿಗೂ, ಮೊಂಡಾದದ್ದನ್ನು ಗೋಡೆ ಕಡೆಯದಕ್ಕೂ ಹಾಕಿದೆ. ಸೂಚನೆಯ ಹಾಳೆಯಲ್ಲಿ ಚಿತ್ರ ಇತ್ತು. ನೋಡಲಿಲ್ಲ.

ಮಳೆಗಾಲದಲ್ಲಿ ಮಾಡೆಲ್ ಲಾಬಿಗೆ ಹೋಯಿತು. ಅಲ್ಲಿ ಬೆಳಗಿಂದ ಸಂಜೆವರೆಗೆ ಎಸಿ. ಮೂರು ವಾರಕ್ಕೆ ಫೋನ್ ಬಂತು, ರೈಲು ಸೇತುವೆ ಮೇಲೆ ಬೀಳುತ್ತಿದೆ ಅಂತ. ಹೋಗಿ ನೋಡಿದರೆ ಸೇತುವೆಯ ಮೇಲೆ ಹಳಿ ಹಾವಿನ ಹಾಗೆ ಪಕ್ಕಕ್ಕೆ ಬಾಗಿದೆ, ಒಂದು ತುದಿಯ ಪಾದ ಅಬಟ್‌ಮೆಂಟಿನ ಪ್ಲಾಸ್ಟರ್ ಸಮೇತ ಕಿತ್ತು ಮೇಲೆದ್ದಿದೆ. ಯಾರೋ ಒತ್ತಿದ್ದಾರೆ ಅಂತ ಹೌಸ್‌ಕೀಪಿಂಗಿನವರ ಮೇಲೆ ರೇಗಿದೆ. ಅದು ನನಗೆ ಈಗಲೂ ನಾಚಿಕೆ. ರಿಪೇರಿ ಮಾಡಿ, ಇನ್ನಷ್ಟು ಎಪಾಕ್ಸಿ ಹಾಕಿ ಬಂದೆ. ಎರಡು ವಾರಕ್ಕೆ ಮತ್ತೆ ಅದೇ.

ಎರಡನೇ ಸಲ ಹೋದಾಗ ಆ ಆಫೀಸಿನ ಒಬ್ಬರ ತಂದೆ ಅಲ್ಲಿ ಕೂತಿದ್ದರು. ರೈಲ್ವೆಯ ಬ್ರಿಡ್ಜ್ ವಿಭಾಗದಲ್ಲಿ ಮೇಸ್ತ್ರಿಯಾಗಿ ರಿಟೈರ್ ಆದವರಂತೆ. ಎದ್ದು ಬಂದು ಬಗ್ಗಿ ನೋಡಿದರು.

"ಏನಪ್ಪಾ, ಇದು ಯಾವ ಗೇಜು? ಬ್ರಾಡ್‌ಗೇಜ್ ಅಲ್ಲ."

ಅವರ ಕಣ್ಣೇ ಕಣ್ಣು. ಎಚ್‌ಓ ಹಳಿಯ ಅಗಲ 16.5 ಮಿ.ಮೀ., ಅದು ಹೊರದೇಶಗಳ 1435 ಮಿ.ಮೀ. ಗೇಜಿನ ಲೆಕ್ಕ. ನಮ್ಮ 1676ಕ್ಕೆ 19 ಮಿ.ಮೀ. ಮೇಲಿರಬೇಕಿತ್ತು. ರೆಡಿಮೇಡ್ ಸಿಗುವುದು ಅದೇ ಸಾರ್, ಅಂದೆ.

"ಹೋಗ್ಲಿ ಬಿಡು. ಫ್ರೀ ಎಂಡ್ ಯಾವುದು?"

ನನಗೆ ಅರ್ಥವಾಗಲಿಲ್ಲ. ಅವರೇ ಬೆರಳಿಟ್ಟು ತೋರಿಸಿದರು. ಒಂದೊಂದು ಸ್ಪ್ಯಾನಿಗೂ ಒಂದು ತುದಿ ಫಿಕ್ಸ್, ಇನ್ನೊಂದು ತುದಿ ಫ್ರೀ. ಕಬ್ಬಿಣ ಬಿಸಿಲಿಗೆ ಬೆಳೆಯುತ್ತದೆ. 30 ಮೀಟರ್ ಗರ್ಡರಿಗೆ 30 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಅದಕ್ಕೆ ಜಾಗ ಕೊಡದಿದ್ದರೆ ಕಲ್ಲಿನ ಕಟ್ಟಡವನ್ನೇ ತಳ್ಳುತ್ತದೆ. ರೋಲರ್ ಇರುವುದು ಅದಕ್ಕೆ. ನಾನು ಒಂದೇ ಗರ್ಡರಿನ ಎರಡೂ ತುದಿಗೆ ರೋಲರ್ ಹಾಕಿ, ಪಕ್ಕದ್ದರ ಎರಡೂ ತುದಿಗೆ ಫಿಕ್ಸ್ ಹಾಕಿ, ಮೇಲೆ ಎಲ್ಲಕ್ಕೂ ಎಪಾಕ್ಸಿ ಬಳಿದಿದ್ದು ನೋಡಿ ಅವರು ನಕ್ಕ ನಗು ಲಾಬಿಯ ರಿಸೆಪ್ಷನ್‌ವರೆಗೂ ಕೇಳಿಸಿತು.

ನಮ್ಮ ಸೇತುವೆ ಪ್ಲಾಸ್ಟಿಕ್ಕಿನದು, ಲಾಬಿಯಲ್ಲಿ ಬಿಸಿಲೂ ಇಲ್ಲ. ಹಾಗಾದರೆ ಬೆಳೆದದ್ದು ಯಾವುದು? ಮೇಜಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದ ಮೇಲೆ ಹೊಳೆಯಿತು. ಬೆಳೆದದ್ದಲ್ಲ, ಕುಗ್ಗಿದ್ದು. ಕಣಿವೆಯ ತಳಕ್ಕೆ ಸಿಲ್ವರ್ ಓಕ್ ಹಲಗೆಗಳನ್ನು ಹಳಿಗೆ ಅಡ್ಡಡ್ಡ ಜೋಡಿಸಿ ಅಂಟಿಸಿದ್ದೆವು. ಅಗ್ಗಕ್ಕೆ ಸಿಕ್ಕಿತ್ತು, ಪೂರ್ತಿ ಒಣಗಿರಲಿಲ್ಲ. ಮರ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಚೆನ್ನಾಗಿ ಕುಗ್ಗುತ್ತದೆ. ಎಸಿಯ ಒಣ ಗಾಳಿಗೆ ತಳ ಕುಗ್ಗಿ ಎರಡು ಅಬಟ್‌ಮೆಂಟುಗಳು ಹತ್ತಿರ ಬಂದಿದ್ದವು. ಅಳೆದರೆ ಎರಡು ಮಿಲಿಮೀಟರ್. ನಡುವೆ ಸಿಕ್ಕ ಸೇತುವೆ, ಬೆಸುಗೆ ಹಾಕಿ ಒಂದೇ ಸರಳಾಗಿದ್ದ ಹಳಿ, ಎರಡೂ ಎಲ್ಲಿಗೆ ಹೋಗಬೇಕು?

ಸರಿಪಡಿಸಲು ಅರ್ಧ ದಿನ ಸಾಕಾಯಿತು. ಬೇರಿಂಗ್ ಬದಲಿಸಿ ನಡುಗಂಬದ ಮೇಲಿನ ಪಾದಗಳನ್ನು ಮಾತ್ರ ಅಂಟಿಸಿದೆ. ಅಬಟ್‌ಮೆಂಟಿನ ಕಡೆ ಗರ್ಡರಿನ ತುದಿ ಅರೆದು ಜಾಗ ಬಿಟ್ಟು ಸುಮ್ಮನೆ ಕೂರಿಸಿದೆ. ಎರಡೂ ತುದಿಯಲ್ಲಿ ಹಳಿಯ ಬೆಸುಗೆ ಬಿಚ್ಚಿ, ಒಂದು ಮಿಲಿಮೀಟರ್ ಸಂದಿ ಬಿಟ್ಟು, ಕರೆಂಟಿಗೆ ಪ್ರತ್ಯೇಕ ವೈರ್ ಎಳೆದೆ.

ಹೊರಡುವ ಮುನ್ನ ಅವರು ಇನ್ನೊಂದು ಕೊಕ್ಕೆ ಹಾಕಿದರು: ಗಾರ್ಡ್ ರೈಲಿನ ತುದಿಗಳು ಬಾಗಿ ನಡುವೆ ಮೂಗಿನ ಥರ ಸೇರಬೇಕು, ನೀನು ನೆಟ್ಟಗೆ ಬಿಟ್ಟಿದ್ದೀಯ. ಸೇತುವೆ ಮೇಲೆ ಗಾಲಿ ಹಳಿ ತಪ್ಪಿದರೂ ದೂರ ಸರಿಯದಂತೆ ತಡೆಯುವ ಒಳಗಿನ ಜೋಡಿ ಹಳಿ ಅದು. ಹೇಳಿದ ಹಾಗೆ ಸೇರಿಸಿದೆ. ಎಂಜಿನ್ ಸೇತುವೆ ಹತ್ತಿದ ಕೂಡಲೇ ಶಾರ್ಟ್ ಆಗಿ ಇಡೀ ಲೈನ್ ನಿಂತಿತು. ಮಾಡೆಲ್ ರೈಲಿಗೆ ಕರೆಂಟ್ ಬರುವುದು ಎರಡು ಹಳಿಗಳಿಂದಲೇ, ಅವು ಒಂದಕ್ಕೊಂದು ತಾಗಬಾರದು. ಇಲ್ಲಿ ಎಡಗಾಲಿ ಒಂದು ಗಾರ್ಡ್ ರೈಲಿಗೆ ತಾಗುತ್ತದೆ, ಬಲಗಾಲಿ ಇನ್ನೊಂದಕ್ಕೆ, ಮೂಗಲ್ಲಿ ಎರಡೂ ಒಂದಾಗಿವೆ. ಗರಗಸದ ಬ್ಲೇಡಿನಲ್ಲಿ ಮೂಗನ್ನು ಕೂದಲೆಳೆಯಷ್ಟು ಸೀಳಿ ಬಣ್ಣ ಬಳಿದೆ. ಅವರಿಗೆ ಗೊತ್ತಾಗಲಿಲ್ಲ. ಅಥವಾ ಗೊತ್ತಾಗಿಯೂ ಸುಮ್ಮನಿದ್ದರು.

ಆಮೇಲೆ ರೈಲು ಬಿದ್ದಿಲ್ಲ. ಆದರೂ ಆ ಲಾಬಿಯಿಂದ ಆಗಾಗ ಫೋನ್ ಬರುತ್ತಲೇ ಇರುತ್ತದೆ: "ನಿಮ್ಮ ಸೇತುವೆ ತುದಿ ಅಲ್ಲಾಡ್ತಿದೆ ಸಾರ್, ಯಾರನ್ನಾದ್ರೂ ಕಳ್ಸಿ ಗಮ್ ಹಾಕಿಸ್ತೀರಾ?"